ಹಿಪ್ಪಿ ಅಂದ್ರೆ ಸರಿ, ಪಾತ್ರೆ ತೊಳೆಯೋರು ಯಾರು?

ಕಳೆದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ಗಲಾಟೆ. ಚಿಕ್ಕಪ್ಪನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟಿದ್ದಾನೆ. ಗೋಕರ್ಣದಲ್ಲಿ ನಾಲ್ಕು ಜನ ಗೆಳೆಯರ ಜೊತೆ ಮನೆ ಬಾಡಿಗೆಗೆ ಹಿಡಿದಿದ್ದಾನೆ. ಕೂದಲು ಭುಜಕ್ಕೆ ಬಂದಿದೆ, ಕೊರಳಲ್ಲಿ ಮಣಿಸರ, ತೊಡೆ ಮೇಲೆ ಒಂದು ಡೋಲು. ಇನ್‌ಸ್ಟಾಗ್ರಾಮಿನಲ್ಲಿ ತನ್ನ ಹೆಸರಿನ ಕೆಳಗೆ 'ಹಿಪ್ಪಿ' ಅಂತ ತಾನೇ ಬರೆದುಕೊಂಡಿದ್ದಾನೆ. ಅದನ್ನು ಯಾರೋ ಗ್ರೂಪಿಗೆ ತಂದು ಹಾಕಿದ್ದೇ ತಡ, ಒಬ್ಬೊಬ್ಬರದೂ ಒಂದೊಂದು ಮಾತು. ಹುಡುಗ ಹಾಳಾದ, ಗಾಂಜಾ ಸೇದುತ್ತಾನಂತೆ, ಇನ್ನು ಹೆಣ್ಣು ಯಾರು ಕೊಡ್ತಾರೆ, ಕಾಲೇಜಿಗೆ ಕಳಿಸಿದ್ದೇ ತಪ್ಪು. ನಡುವೆ ಮಾವ ಒಬ್ಬರು ಎಂದಿನಂತೆ ಶುಭೋದಯದ ಗುಲಾಬಿ ಹೂವು ಹಾಕಿ ಹೋದರು.

ನಾನು ಅಲ್ಲಿ ಏನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಮ್ಮ ಕಡೆ ಹಿಪ್ಪಿ ಅನ್ನೋ ಪದ ಮೊದಲು ಬಂದು ಕೂತಿದ್ದೇ ತಲೆಕೂದಲಿನ ಮೇಲೆ. ಎಪ್ಪತ್ತರ ದಶಕದಲ್ಲಿ ಕಿವಿ ಮುಚ್ಚೋ ಹಾಗೆ ಕೂದಲು ಬಿಟ್ಟರೆ ಅದು ಹಿಪ್ಪಿ ಕಟಿಂಗ್. ಕೆಳಗೆ ಬೆಲ್ ಬಾಟಮ್ ಪ್ಯಾಂಟ್. ನಮ್ಮಪ್ಪನ ಮದುವೆ ಫೋಟೋ ನೋಡಿದರೆ ಅವರೂ ಹಿಪ್ಪಿಯೇ. ಆದರೆ ಆ ಮನುಷ್ಯ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿ ಕೂತವರು. ಅಂದರೆ ನಮಗೆ ತಲುಪಿದ್ದು ಕೂದಲು ಮಾತ್ರ. ಆ ಕೂದಲು ಅಲ್ಲಿ ಯಾಕೆ ಬೆಳೆದಿತ್ತು ಅನ್ನೋದು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು.

ಅಲ್ಲಿ ಅಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. 1965ರ ಸುಮಾರಿಗೆ ಆ ಊರಿನ ಹೈಟ್-ಆಶ್‌ಬರಿ ಅನ್ನೋ ಬಡಾವಣೆಗೆ ಹುಡುಗ ಹುಡುಗಿಯರು ಬಂದು ಸೇರತೊಡಗಿದರು. ಅಲ್ಲೇ ಯಾಕೆ ಅಂದರೆ ಬಾಡಿಗೆ ಕಡಿಮೆ, ಅಷ್ಟೇ. ಆ ಬಡಾವಣೆಯ ಪಕ್ಕದ ಪಾರ್ಕಿನ ಮೇಲೆ ದೊಡ್ಡ ಹೆದ್ದಾರಿ ಹಾಯಿಸುವ ಯೋಜನೆ ಇತ್ತು. ಹೆದ್ದಾರಿ ಬರುತ್ತೆ ಅಂದ ಮೇಲೆ ಮನೆಗಳ ಬೆಲೆ ಬಿತ್ತು. ಜನ ಜಗಳ ಮಾಡಿ ಹೆದ್ದಾರಿ ನಿಲ್ಲಿಸಿದರು. ಆದರೆ ಹಳೇ ಕಾಲದ ಎತ್ತರದ ಮರದ ಮನೆಗಳು ಅಗ್ಗಕ್ಕೇ ಉಳಿದವು. ಒಂದೊಂದು ಮನೆಯಲ್ಲಿ ಹತ್ತು ಹದಿನೈದು ಜನ ಬಾಡಿಗೆ ಹಂಚಿಕೊಂಡು ಇರಬಹುದಿತ್ತು. ದೊಡ್ಡ ದೊಡ್ಡ ತತ್ವಗಳ ಹಿಂದೆ ಇಂಥ ಒಂದು ಬಾಡಿಗೆ ಲೆಕ್ಕ ಇದ್ದೇ ಇರುತ್ತೆ ಅಂತ ನನಗೆ ಯಾವಾಗಲೂ ಅನಿಸುತ್ತೆ. ಈಗ ಅದೇ ಬೀದಿಯಲ್ಲಿ ಮನೆ ಹಿಡಿಯೋಕೆ ಸಾಫ್ಟ್‌ವೇರಿನವರ ಸಂಬಳವೇ ಬೇಕು. ನಮ್ಮ ಹುಡುಗ ಬಿಟ್ಟನಲ್ಲ, ಆ ಥರದ್ದು.

ಇನ್ನು ಕೂದಲು. ಅಮೆರಿಕ ಆಗ ವಿಯೆಟ್ನಾಂನಲ್ಲಿ ಯುದ್ಧ ಮಾಡುತ್ತಿತ್ತು. ಹದಿನೆಂಟು ತುಂಬಿದ ಹುಡುಗರೆಲ್ಲ ಸೈನ್ಯದ ಪಟ್ಟಿಯಲ್ಲಿ ಹೆಸರು ಬರೆಸಲೇಬೇಕು, ಕರೆ ಬಂದರೆ ಹೋಗಲೇಬೇಕು. ತಮಾಷೆ ನೋಡಿ, ಓಟು ಹಾಕೋಕೆ ಇಪ್ಪತ್ತೊಂದು ಆಗಬೇಕಿತ್ತು, ಸಾಯೋಕೆ ಹದಿನೆಂಟು ಸಾಕಿತ್ತು. ಓಟಿನ ವಯಸ್ಸು ಹದಿನೆಂಟಕ್ಕೆ ಇಳಿದಿದ್ದು 1971ರಲ್ಲಿ. ಅಷ್ಟರೊಳಗೆ ಎಷ್ಟೋ ಶವಪೆಟ್ಟಿಗೆಗಳು ಊರಿಗೆ ಬಂದಾಗಿತ್ತು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ ಸುಮಾರು 58 ಸಾವಿರ. ವಿಯೆಟ್ನಾಮಿನವರು ಲಕ್ಷಗಟ್ಟಲೆ. ಸೈನ್ಯಕ್ಕೆ ಸೇರಿದ ಮೊದಲ ದಿನ ಏನು ಮಾಡುತ್ತಾರೆ? ತಲೆ ಬೋಳಿಸುತ್ತಾರೆ. ಹಾಗಾಗಿ ಕೂದಲು ಬಿಡೋದು ಅಂದರೆ, ನಾನು ಬರೋದಿಲ್ಲ ಅಂತ ಹೇಳೋದು. ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಬೀದಿಯ ಆ ತುದಿಯಿಂದಲೇ ಪೊಲೀಸರಿಗೂ ಕಾಣುತ್ತಿತ್ತು, ಅಪ್ಪನಿಗೂ ಕಾಣುತ್ತಿತ್ತು. ಸೈನ್ಯದ ಕಾರ್ಡು ಸುಟ್ಟರೆ ಜೈಲು ಅಂತ 1965ರಲ್ಲೇ ಕಾನೂನು ಮಾಡಿದ್ದರು. ಆದರೂ ಸುಟ್ಟರು. ನಮ್ಮ ಹುಡುಗನ ಕೂದಲಿಗೂ ಆ ಕೂದಲಿಗೂ ಇರೋ ದೂರ ಇದೇ. ಇವನನ್ನು ಯಾರೂ ಎಲ್ಲಿಗೂ ಕರೆದಿಲ್ಲ. ಮೇಲಾಗಿ ವಾರಕ್ಕೊಂದು ಸಲ ಏನೋ ಎಣ್ಣೆ ಬೇರೆ ಹಾಕುತ್ತಾನಂತೆ, ಅದರ ಬೆಲೆ ಕೇಳಿ ಚಿಕ್ಕಮ್ಮ ಹೌಹಾರಿದಳು.

ಆದರೆ ನಾನು ಬರೆಯೋಕೆ ಕೂತಿದ್ದು ಕೂದಲಿನ ವಿಷಯಕ್ಕಲ್ಲ. ಊಟದ ವಿಷಯಕ್ಕೆ.

ಹೈಟ್-ಆಶ್‌ಬರಿಯಲ್ಲಿ ಡಿಗ್ಗರ್ಸ್ ಅಂತ ಒಂದು ತಂಡ ಇತ್ತು. ಹಿಪ್ಪಿ ಅಂದಕೂಡಲೇ ನಮಗೆ ಗಿಟಾರು, ಹೂವು, ಹೊಗೆ ನೆನಪಾಗುತ್ತೆ. ಇವರು ಯಾರಿಗೂ ನೆನಪಾಗೋದಿಲ್ಲ. ಮೂಲದಲ್ಲಿ ಇವರಲ್ಲಿ ಹಲವರು ಬೀದಿ ನಾಟಕದವರು. ಹೆಸರನ್ನು ತೆಗೆದುಕೊಂಡಿದ್ದು ಇಂಗ್ಲೆಂಡಿನಿಂದ. ಅಲ್ಲಿ 1649ರಲ್ಲಿ ಜೆರಾರ್ಡ್ ವಿನ್‌ಸ್ಟ್ಯಾನ್ಲಿ ಅನ್ನೋರ ಜೊತೆ ಒಂದಿಷ್ಟು ಬಡವರು ಸೇಂಟ್ ಜಾರ್ಜ್ ಬೆಟ್ಟದ ಮೇಲೆ, ಭೂಮಿ ಎಲ್ಲರದ್ದು ಅಂತ ಹೇಳಿ, ಪಾಳುಬಿದ್ದ ಜಾಗ ಅಗೆದು ಕ್ಯಾರೆಟ್ಟು, ಬೀನ್ಸು ಹಾಕಿದ್ದರು. ಅಗೆಯುವವರು, ಅದಕ್ಕೇ ಡಿಗ್ಗರ್ಸ್. ಜಮೀನ್ದಾರರು ಒಂದೇ ವರ್ಷದಲ್ಲಿ ಅವರನ್ನು ಹೊಡೆದೋಡಿಸಿದರು.

ಮುನ್ನೂರು ಚಿಲ್ಲರೆ ವರ್ಷ ಆದಮೇಲೆ ಈ ಹೊಸ ಡಿಗ್ಗರ್ಸ್ ಏನು ಮಾಡಿದರು ಅಂದರೆ, 1966ರ ಅಕ್ಟೋಬರಿನಿಂದ ದಿನಾ ಸಂಜೆ ನಾಲ್ಕು ಗಂಟೆಗೆ ಪಾರ್ಕಿನಲ್ಲಿ ಪುಕ್ಕಟೆ ಊಟ ಹಾಕಿದರು. ದೊಡ್ಡ ಹಾಲಿನ ಕ್ಯಾನುಗಳಲ್ಲಿ ಬಿಸಿಬಿಸಿ ಸಾರಿನಂಥದ್ದು, ತರಕಾರಿ, ಮಾಂಸ ಎಲ್ಲ ಹಾಕಿ ಕುದಿಸಿದ್ದು. ಬೀದಿಯಲ್ಲಿ ಚೀಟಿ ಹಂಚಿದ್ದರು, ಊಟ ಪುಕ್ಕಟೆ, ಬಟ್ಟಲು ಚಮಚ ಮಾತ್ರ ನೀವೇ ತನ್ನಿ ಅಂತ. ಆ ಒಂದು ಮಾತು ನನಗೆ ಬಹಳ ಇಷ್ಟ. ಊಟಕ್ಕೆ ಮುಂಚೆ ಇನ್ನೊಂದು ನಾಟಕ. ಆಳೆತ್ತರಕ್ಕಿಂತ ದೊಡ್ಡದಾದ ಹಳದಿ ಬಣ್ಣದ ಒಂದು ಮರದ ಚೌಕಟ್ಟು ನಿಲ್ಲಿಸಿದ್ದರು. ಅದರೊಳಗಿಂದ ಹಾದು ಬಂದರೆ ಊಟ. ನೋಡೋ ಕಣ್ಣು ಬದಲಾಗಲಿ ಅಂತ ಅದರ ಅರ್ಥವಂತೆ. ಹಸಿದವರು ಅರ್ಥ ಕೇಳಿರಲಿಕ್ಕಿಲ್ಲ, ಸುಮ್ನೆ ಹಾದು ಬಂದಿರುತ್ತಾರೆ.

ಆಮೇಲೆ ಪುಕ್ಕಟೆ ಅಂಗಡಿ ತೆರೆದರು. ಬಟ್ಟೆ, ಪಾತ್ರೆ, ಚಪ್ಪಲಿ ಏನು ಬೇಕೋ ತಗೊಂಡು ಹೋಗಿ, ಏನಿದೆಯೋ ತಂದಿಟ್ಟು ಹೋಗಿ. ಇಲ್ಲಿ ಮಾಲೀಕರು ಯಾರು ಅಂತ ಯಾರಾದರೂ ಕೇಳಿದರೆ, ನೀವೇ ಅನ್ನುತ್ತಿದ್ದರಂತೆ. ಚರ್ಚೊಂದರ ಅಡುಗೆಮನೆಯಲ್ಲಿ ಕಾಫಿಪುಡಿಯ ಖಾಲಿ ಡಬ್ಬಗಳಲ್ಲಿ ಇಡೀ ಗೋಧಿಯ ಬ್ರೆಡ್ಡು ಸುಟ್ಟು ಹಂಚಿದರು. ಡಬ್ಬದ ಆಕಾರಕ್ಕೆ ಬ್ರೆಡ್ಡು ಉಬ್ಬಿ ಮೇಲಕ್ಕೆ ಅಣಬೆಯ ಹಾಗೆ ಬರುತ್ತಿತ್ತು. ಇವರ ಲೆಕ್ಕ ಬಹಳ ಸರಳ. ಈ ದೇಶದಲ್ಲಿ ಊಟ, ಬಟ್ಟೆ ಎಲ್ಲ ಕೊಳೆತುಹೋಗುವಷ್ಟು ಇದೆ. ಹಾಗಿದ್ದ ಮೇಲೆ ಅದಕ್ಕೆ ದುಡ್ಡು ಯಾಕೆ ಕೊಡಬೇಕು, ಆ ದುಡ್ಡಿಗಾಗಿ ಇಷ್ಟವಿಲ್ಲದ ಕೆಲಸ ಯಾಕೆ ಮಾಡಬೇಕು? ನೀವು ಒಪ್ಪಿ, ಬಿಡಿ. ಆದರೆ ಇವರು ಪ್ರಶ್ನೆ ಕೇಳಿ ಸುಮ್ಮನೆ ಕೂರಲಿಲ್ಲ, ಒಲೆ ಹಚ್ಚಿದರು.

ಈಗ ನನ್ನ ತಕರಾರು. ಒಲೆ ಹಚ್ಚಿದವರು ಯಾರು? ಬೆಳಿಗ್ಗೆ ಎದ್ದು ತರಕಾರಿ ಮಂಡಿಗೆ ಹೋಗಿ, ಮಿಕ್ಕಿದ್ದು, ಸ್ವಲ್ಪ ಬಾಡಿದ್ದು ಇದ್ದರೆ ಕೊಡಿ ಅಂತ ಕೇಳಿ ತಂದು, ಹೆಚ್ಚಿ, ಬೇಯಿಸಿ, ಗಾಡಿಗೆ ಏರಿಸಿ ತಂದವರು ಹೆಚ್ಚಾಗಿ ಹೆಂಗಸರು. ಇಪ್ಪತ್ತರ ಆಸುಪಾಸಿನ ಹುಡುಗಿಯರು. ಗಂಡಸರು ಕೇಳಿದರೆ ಮಂಡಿಯವರು ಕೊಡುತ್ತಿರಲಿಲ್ಲ, ಹೆಣ್ಣುಮಕ್ಕಳು ಹೋದರೆ ಕೊಡುತ್ತಿದ್ದರು ಅಂತ ಅವರೇ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಆದರೆ ಹೆಸರು ಉಳಿದದ್ದು ಯಾರದ್ದು? ಎಮ್ಮೆಟ್ ಗ್ರೋಗನ್, ಪೀಟರ್ ಬರ್ಗ್, ಪೀಟರ್ ಕೊಯೋಟಿ. ಎಲ್ಲಾ ಗಂಡಸರು.  ಇಡೀ ಸಮಾಜವನ್ನೇ ತಿರಸ್ಕರಿಸಿ ಬಂದವರು ಅಡುಗೆಮನೆಯನ್ನು ಮಾತ್ರ ಹೇಗಿತ್ತೋ ಹಾಗೇ ಎತ್ತಿಕೊಂಡು ಬಂದಿದ್ದರು.

ಇದನ್ನು ಓದಿ ನನಗೆ ಕೋಪಕ್ಕಿಂತ ನಗು ಬಂತು. ನಮ್ಮ ಮದುವೆಮನೆಯಲ್ಲಿ ಗಂಡಸರು ಜಗಲಿಯಲ್ಲಿ ಕೂತು ದೇಶದ ಭವಿಷ್ಯ ಮಾತಾಡುತ್ತಾರಲ್ಲ, ಒಳಗಿಂದ ನಾಲ್ಕು ಸಲ ಚಾ ಹೋಗುತ್ತಲ್ಲ, ಅದೇ.

1967ರ ಬೇಸಿಗೆಗೆ ಎಲ್ಲಾ ಕೈಮೀರಿತು. ಪತ್ರಿಕೆ, ಟಿವಿ, ಹಾಡು ಎಲ್ಲಾ ಕಡೆ ಅದೇ ಸುದ್ದಿ ಆಗಿ, ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರು ಆ ಚಿಕ್ಕ ಬಡಾವಣೆಗೆ ಬಂದು ಇಳಿದರು ಅಂತ ಅಂದಾಜು. ಮನೆ ಬಿಟ್ಟು ಓಡಿಬಂದ ಹದಿನೈದು ಹದಿನಾರರ ಮಕ್ಕಳೂ ಇದ್ದರು. ಮಲಗೋಕೆ ಜಾಗ ಇಲ್ಲ, ಕಾಯಿಲೆ ಜಾಸ್ತಿ, ನಶೆ ಜಾಸ್ತಿ, ಹುಡುಗಿಯರ ಮೇಲೆ ಅತ್ಯಾಚಾರ. ಇದನ್ನು ಮುಚ್ಚಿಟ್ಟು ಬರೀ ಹೂವಿನ ಕಥೆ ಹೇಳೋರನ್ನು ಕಂಡರೆ ನನಗಾಗದು. ಅದೇ ಜೂನ್ 7ಕ್ಕೆ ಡೇವಿಡ್ ಸ್ಮಿತ್ ಅನ್ನೋ ಯುವ ಡಾಕ್ಟರೊಬ್ಬರು ಅಲ್ಲಿ ಪುಕ್ಕಟೆ ಆಸ್ಪತ್ರೆ ತೆರೆದರು. ನಶೆ ಏರಿ ಬಂದವರನ್ನು ಪೊಲೀಸರಿಗೆ ಹಿಡಿದುಕೊಡದೆ ಉಪಚರಿಸಿದರು. ಆ ಕಾಲದಿಂದ ನಿಜಕ್ಕೂ ಉಳಿದು ಬಂದದ್ದರಲ್ಲಿ ಈ ಆಸ್ಪತ್ರೆ ಒಂದು, ಅದೂ ದಶಕಗಟ್ಟಲೆ ನಡೆಯಿತು.

ಬೇಸಿಗೆ ಮುಗಿದ ಮೇಲೆ, ಅಕ್ಟೋಬರ್ 6ಕ್ಕೆ, ಅಲ್ಲಿನವರೇ ಹಿಪ್ಪಿಯ ಹೆಣ ಎತ್ತಿದರು. ನಿಜವಾಗಿ! ಶವಪೆಟ್ಟಿಗೆ ಮಾಡಿ, ಅದಕ್ಕೆ ಮಣಿಸರ, ಹೂವು, ಪತ್ರಿಕೆ ತುಂಬಿ, ಬೀದಿಯಲ್ಲಿ ಮೆರವಣಿಗೆ ಹೊರಟರು. ಹಿಪ್ಪಿ ಅನ್ನೋದು ಪತ್ರಿಕೆಯವರು ಹೆತ್ತ ಮಗು, ಅದು ಸತ್ತಿತು, ಇನ್ನು ಯಾರೂ ಇಲ್ಲಿಗೆ ಬರಬೇಡಿ, ನಿಮ್ಮ ನಿಮ್ಮ ಊರಲ್ಲೇ ಏನು ಬೇಕೋ ಮಾಡಿಕೊಳ್ಳಿ ಅಂತ. ಅಂದರೆ 1967ರಲ್ಲೇ ಅಲ್ಲಿನವರು ಹೂತುಹಾಕಿದ ಮಣಿಸರ ನಮ್ಮ ಹುಡುಗನ ಕೊರಳಿಗೆ ಈಗ ಬಂದಿದೆ.

ವುಡ್‌ಸ್ಟಾಕ್ ಅನ್ನೋ ಸಂಗೀತೋತ್ಸವದ ಬಗ್ಗೆ ಎಲ್ಲರಿಗೂ ಗೊತ್ತು. 1969ರ ಆಗಸ್ಟ್, ಹೈನುಗಾರ ಮ್ಯಾಕ್ಸ್ ಯಾಸ್ಗರ್ ಅವರ ಹೊಲ, ನಾಲ್ಕು ಲಕ್ಷ ಜನ, ಮಳೆ, ಕೆಸರು, ನಮ್ಮ ರವಿಶಂಕರ್ ಅವರ ಸಿತಾರ್. ನಶೆ ಮಾಡಿ ಕೂತವರ ಎದುರು ಸಿತಾರ್ ನುಡಿಸೋದು ಅವರಿಗೆ ಸ್ವಲ್ಪವೂ ಹಿಡಿಸಿರಲಿಲ್ಲ, ಅದು ಬೇರೆ ಮಾತು. ನಾನು ಹೇಳೋದು ಇಷ್ಟೇ, ಅಲ್ಲಿಯೂ ಎರಡನೇ ದಿನಕ್ಕೆ ತಿನ್ನೋಕೆ ಏನೂ ಉಳಿದಿರಲಿಲ್ಲ. ಹಾಗ್ ಫಾರ್ಮ್ ಅನ್ನೋ ಒಂದು ಕೂಡುಕುಟುಂಬದಂಥ ಗುಂಪು ಕಾಗದದ ಲೋಟಗಳಲ್ಲಿ ಓಟ್ಸು, ಕಾಳು, ಒಣದ್ರಾಕ್ಷಿ ಕಲಸಿದ್ದನ್ನು ತುಂಬಿ ಸಾವಿರಾರು ಜನಕ್ಕೆ ಹಂಚಿತು. ಹಾಡಿದವರ ಪಟ್ಟಿ ಕೇಳಿದರೆ ಬಾಯಿಪಾಠ ಹೇಳೋರು ಸಿಗುತ್ತಾರೆ, ಲೋಟ ತುಂಬಿದವರ ಪಟ್ಟಿ ಎಲ್ಲೂ ಇಲ್ಲ.

ಗಾಂಜಾ ಬಗ್ಗೆ ಏನೂ ಬರೆದಿಲ್ಲವಲ್ಲ ಅಂತೀರಾ? ಸೇದುತ್ತಿದ್ದರು. ಜಾಸ್ತಿಯೇ. ಅದು ನಮ್ಮೂರ ಮಠದ ಹಿಂದೆ ಕೂತ ಮುದುಕರೂ ಮಾಡುತ್ತಿದ್ದರು, ಅವರನ್ನು ಯಾರೂ ಹಿಪ್ಪಿ ಅನ್ನಲಿಲ್ಲ. ಮುಂದಕ್ಕೆ ಹೋಗೋಣ.

ಈ ಪುಕ್ಕಟೆ ಅಡುಗೆಯ ವಿಚಾರವನ್ನು ಎಷ್ಟು ದೂರ ಎಳೆಯಬಹುದು ಅಂತ ನೋಡಿದವರು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿದ್ದಾರೆ. ಸ್ಟೀಫನ್ ಗ್ಯಾಸ್ಕಿನ್ ಅಂತ ಒಬ್ಬ, ಮೊದಲು ಸೈನ್ಯದಲ್ಲಿದ್ದವನು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಮವಾರ ರಾತ್ರಿ ಪಾಠ ಹೇಳುತ್ತಿದ್ದವನು. ಅವನ ಹಿಂದೆ ನೂರಾರು ಜನ ಹಳೇ ಶಾಲಾ ಬಸ್ಸುಗಳಲ್ಲಿ ದೇಶ ಸುತ್ತಿ, 1971ರಲ್ಲಿ ಸಮ್ಮರ್‌ಟೌನ್ ಅನ್ನೋ ಹಳ್ಳಿಯ ಹತ್ತಿರ ಜಮೀನು ಕೊಂಡು ಕೂತರು. ಹೆಸರು ದಿ ಫಾರ್ಮ್. ಎಲ್ಲರ ದುಡ್ಡು ಒಂದೇ ಗಂಟು. ಮಾಂಸ ಇಲ್ಲ, ಹಾಲೂ ಇಲ್ಲ, ಸೋಯಾ ಬೆಳೆದು ಅದರದ್ದೇ ಹಾಲು. ಜನ ಸಾವಿರ ದಾಟಿದರು. 1976ರಲ್ಲಿ ಗ್ವಾಟೆಮಾಲಾದಲ್ಲಿ ಭೂಕಂಪ ಆದಾಗ ಇವರ ಬಡಗಿಗಳು ಅಲ್ಲಿಗೆ ಹೋಗಿ ಮನೆ ಕಟ್ಟಿಕೊಟ್ಟರು. ಗ್ಯಾಸ್ಕಿನ್‌ನ ಹೆಂಡತಿ ಇನಾ ಮೇ, ಓದಿದ್ದು ಇಂಗ್ಲಿಷ್ ಸಾಹಿತ್ಯ. ಬಸ್ಸಿನಲ್ಲೇ ಹೆರಿಗೆಗಳಾದಾಗ ಕೈಕೊಟ್ಟು ಕೊಟ್ಟು ಸೂಲಗಿತ್ತಿಯಾದಳು. ಇವತ್ತು ಅಮೆರಿಕದ ಸೂಲಗಿತ್ತಿಯರೆಲ್ಲ ಅವಳ ಹೆಸರು ಹೇಳುತ್ತಾರೆ. ನೋಡಿ, ಇಲ್ಲಿ ಗಂಡನಿಗಿಂತ ಹೆಂಡತಿಯ ಹೆಸರು ದೊಡ್ಡದಾಯಿತು. ನನಗೆ ಒಳಗೊಳಗೇ ಖುಷಿ.

ಆದರೆ ಅಲ್ಲೂ 1983ಕ್ಕೆ ಒಂದೇ ಗಂಟಿನ ಲೆಕ್ಕ ಮುರಿಯಿತು. ಸಾಲ ಏರಿತ್ತು. ಇನ್ನು ಅವರವರ ಸಂಪಾದನೆ ಅವರವರು ಮಾಡಿಕೊಂಡು, ಊರಿನ ಖರ್ಚಿಗೆ ತಿಂಗಳಿಗಿಷ್ಟು ಕೊಡಬೇಕು ಅಂತ ತೀರ್ಮಾನವಾಯಿತು. ನೂರಾರು ಜನ ಬಿಟ್ಟುಹೋದರು. ಇದನ್ನು ಸೋಲು ಅಂತ ಕೆಲವರು ಬರೆಯುತ್ತಾರೆ. ಹನ್ನೆರಡು ವರ್ಷ ಸಾವಿರ ಜನ ಒಂದೇ ಅಡುಗೆ ಲೆಕ್ಕದಲ್ಲಿ ಬದುಕಿದರು ಅನ್ನೋದೇ ನನಗೆ ಆಶ್ಚರ್ಯ. ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರು ಅಪ್ಪನ ವರ್ಷಾಂತಕ ಮುಗಿಯೋವರೆಗೂ ತಡೆಯೋದಿಲ್ಲ.

ಇನ್ನು ಅವರು ನಮ್ಮ ಕಡೆ ಬಂದ ಕಥೆ. ಇಸ್ತಾಂಬುಲ್‌ನಿಂದ ಹೊರಟು ತೆಹ್ರಾನ್, ಕಾಬೂಲ್, ಪೇಶಾವರ, ಲಾಹೋರ್, ದೆಹಲಿ. ಅಲ್ಲಿಂದ ಕೆಲವರು ಕಠ್ಮಂಡುವಿಗೆ, ಕೆಲವರು ಗೋವಾಕ್ಕೆ. ಬಸ್ಸು, ಲಾರಿ, ಸಿಕ್ಕಿದ್ದು. ಕಠ್ಮಂಡುವಿನಲ್ಲಿ ಆಗ ಗಾಂಜಾಕ್ಕೆ ಸರ್ಕಾರದ ಪರವಾನಗಿ ಇದ್ದ ಅಂಗಡಿಗಳಿದ್ದವು, 1973ರಲ್ಲಿ ನಿಷೇಧವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ರಸ್ತೆ ಮುಚ್ಚಿತು. ಗೋವಾದ ಅಂಜುನಾದಲ್ಲಿ ಗದ್ದಲ ಜಾಸ್ತಿ ಆದಮೇಲೆ ನಿಶ್ಶಬ್ದ ಹುಡುಕಿಕೊಂಡು ಕೆಲವರು ದಕ್ಷಿಣಕ್ಕೆ ಇಳಿದರು. ಗೋಕರ್ಣದ ಕುಡ್ಲೆ, ಗುಡ್ಡ ಹತ್ತಿ ಇಳಿದರೆ ಓಂ ಬೀಚು. ಅತ್ತ ಹಂಪಿಯಲ್ಲಿ ಹರಿಗೋಲು ಹತ್ತಿ ತುಂಗಭದ್ರೆ ದಾಟಿದರೆ ವಿರೂಪಾಪುರ ಗಡ್ಡೆ.

ನನ್ನ ದೊಡ್ಡಾಯಿ, ಅಂದರೆ ಆಯಿಯ ಅಕ್ಕ, ಗೋಕರ್ಣದಲ್ಲಿದ್ದಳು. ಶ್ರಾದ್ಧಕ್ಕೆ ಬಂದವರು ಉಳಿಯೋಕೆ ಅಂತ ಮನೆಯ ಪಕ್ಕ ಎರಡು ಕೋಣೆ ಇತ್ತು. ತೊಂಬತ್ತರ ದಶಕದಲ್ಲಿ ಅದರಲ್ಲಿ ವಿದೇಶಿಯರು ಇರೋಕೆ ಶುರುವಾಯಿತು. ಬೇಸಿಗೆ ರಜೆಗೆ ಹೋದಾಗ ನಾವು ಮಕ್ಕಳು ಅವರನ್ನು ಕಿಟಕಿಯಿಂದ ನೋಡುತ್ತಿದ್ದೆವು. ಒಬ್ಬ ಜರ್ಮನಿಯವನು, ಸೊಂಟದವರೆಗೆ ಜಡೆ, ಹಳೇ ಕಾವಿ ಲುಂಗಿ. ಒಂದು ವರ್ಷ ಚಳಿಗಾಲದಲ್ಲಿ ಬಂದವನು ಮಳೆ ಹತ್ತಿರ ಬರೋವರೆಗೂ ಇದ್ದ. ಅವನಿಗೆ ಬಾವಿ ಮುಟ್ಟೋ ಹಾಗಿರಲಿಲ್ಲ. ಅಡುಗೆಮನೆ ಕಡೆ ಬರೋ ಹಾಗಿರಲಿಲ್ಲ. ಹೌದು, ಹಾಗೇ ಇತ್ತು, ಮುಚ್ಚಿಡೋದು ಏನಿದೆ. ಜಗತ್ತಿನ ಬೇಲಿಗಳನ್ನೆಲ್ಲ ದಾಟಿ ಬಂದವನು ನಮ್ಮ ಹಿತ್ತಿಲ ಬಾವಿಕಟ್ಟೆಯ ಹತ್ತಿರ ಮೂರು ಮಾರು ದೂರ ನಿಲ್ಲುತ್ತಿದ್ದ. ನಮ್ಮೂರ ಎಷ್ಟೋ ಜನ ತಲೆತಲಾಂತರದಿಂದ ನಿಂತ ಹಾಗೆ. ಆದರೆ ಅವನು ಬೇಕೆಂದಾಗ ವಿಮಾನ ಹತ್ತಬಹುದಿತ್ತು.

ಅವನು ದಿನಾ ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದ. ಯಾರೂ ಹೇಳಿರಲಿಲ್ಲ. ಬಿದ್ದ ಮಡಲನ್ನು ಎಳೆದು ಒಂದು ಕಡೆ ಹಾಕುತ್ತಿದ್ದ. ತಾನು ಉಂಡ ತಟ್ಟೆಯ ಜೊತೆಗೆ ಪಕ್ಕದ ಕೋಣೆಯವರ ತಟ್ಟೆಯನ್ನೂ ತೊಳೆದಿಡುತ್ತಿದ್ದ. ಅದೇ ಪಕ್ಕದ ಕೋಣೆಯವನು, ಯಾವ ದೇಶದವನೋ, ಪ್ರೀತಿ ಶಾಂತಿ ಅಂತ ಗೋಡೆ ಮೇಲೆಲ್ಲ ಬಣ್ಣದಲ್ಲಿ ಬರೆದು, ಎರಡು ತಿಂಗಳ ಬಾಡಿಗೆ ಕೊಡದೆ ರಾತ್ರೋರಾತ್ರಿ ಹೋದ. ಅವನನ್ನು ದೊಡ್ಡಾಯಿ ಸಾಯೋವರೆಗೂ "ಆ ಹಿಪ್ಪಿ" ಅಂತಲೇ ಬೈದಳು. ಜಡೆಯವನನ್ನು ಯಾರಾದರೂ ಹಿಪ್ಪಿ ಅಂದರೆ ಮಾತ್ರ ತಡೆಯುತ್ತಿದ್ದಳು. "ಅಂವ ಹಿಪ್ಪಿ ಅಲ್ಲ, ಪಾಪ. ಕೆಲ್ಸ ಮಾಡ್ತ."

ನನ್ನ ಪ್ರಕಾರ ಅವಳು ಎರಡೂ ಹೆಸರನ್ನು ಅದಲುಬದಲು ಮಾಡಿದ್ದಳು. ಪಾರ್ಕಿನಲ್ಲಿ ಸಾರು ಬಡಿಸಿದವರ ಸಂಬಂಧಿ ಇದ್ದರೆ ಅದು ಈ ಕಟ್ಟಿಗೆ ಒಡೆದವನೇ.

ನಮ್ಮ ಸಾಧುಗಳೇ ಮೊದಲ ಹಿಪ್ಪಿಗಳು ಅಂತ ಕಾಮೆಂಟಿನಲ್ಲಿ ಯಾರಾದರೂ ಬರೆಯುತ್ತೀರಿ, ಗೊತ್ತು. ನಾನು ಒಪ್ಪೋದಿಲ್ಲ. ಸಾಧು ಮನೆಬಾಗಿಲಿಗೆ ಬಂದರೆ ಭಿಕ್ಷೆ ಹಾಕಬೇಕು ಅಂತ ನಮ್ಮಲ್ಲಿ ರೂಢಿಯೇ ಇದೆ, ಅವನು ಮನೆ ಬಿಟ್ಟರೂ ಅವನಿಗೊಂದು ಜಾಗ ಇದೆ. ಹೈಟ್-ಆಶ್‌ಬರಿಯ ಹುಡುಗರಿಗೆ ಅಂಥ ಜಾಗ ಇರಲಿಲ್ಲ, ಅವರೇ ಬೇಯಿಸಿ ಅವರೇ ಬಡಿಸಬೇಕಿತ್ತು.

ವಿರೂಪಾಪುರ ಗಡ್ಡೆಯನ್ನು ಇಂಟರ್ನೆಟ್ಟಿನಲ್ಲಿ ಹಿಪ್ಪಿ ದ್ವೀಪ ಅಂತ ಕರೆದು ಕರೆದು, ಅಲ್ಲಿ ಸಾಲುಸಾಲು ರೆಸಾರ್ಟ್ ಎದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ ಕೆಡವಿದರು. ಅಲ್ಲಿ ಅಡುಗೆ ಮಾಡುತ್ತಿದ್ದವರು, ಹಾಸಿಗೆ ಒಗೆಯುತ್ತಿದ್ದವರು ಸುತ್ತಲ ಊರಿನ ಹುಡುಗರು, ಹೆಂಗಸರು. ಮಣಿಸರ ಹಾಕಿಕೊಂಡವರು ಬೇರೆ ಬೀಚಿಗೆ ಹೋದರು. ಇವರು ಎಲ್ಲಿಗೆ ಹೋಗಬೇಕು?

ಮೊನ್ನೆ ಭಾನುವಾರ ಹುಡುಗನಿಗೆ ಫೋನ್ ಮಾಡಿದೆ. ಬೈಯೋಕಲ್ಲ. ಕೆಲಸ ಬಿಟ್ಟಿದ್ದು ಅವನ ಇಷ್ಟ, ಕೂದಲೂ ಅವನದೇ. ಡಿಗ್ಗರ್ಸ್ ಕಥೆ ಹೇಳಿದೆ, ಊಂ ಊಂ ಅಂದ. ಕೊನೆಗೆ ಕೇಳಿದೆ, "ಐದು ಜನ ಗಂಡುಮಕ್ಕಳು ಇದ್ದೀರಲ್ಲ, ಪಾತ್ರೆ ಯಾರು ತೊಳೀತಾರೆ ಮಾರಾಯ?"

"ಅಕ್ಕಾ, ಸರತಿ ಇದೆ. ಇವತ್ತು ನಂದೇ. ಕೈಯೆಲ್ಲಾ ಸೋಪು, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟ.

ನಿಜವೋ, ನನ್ನ ಕಾಟ ತಪ್ಪಿಸಿಕೊಳ್ಳೋಕೆ ಹೇಳಿದ್ದೋ ಗೊತ್ತಿಲ್ಲ. ಹಿಂದೆ ನೀರು ಬೀಳೋ ಸದ್ದಂತೂ ಕೇಳುತ್ತಿತ್ತು.